ಮನೆಯೊಳಗಣ ಮದ್ದು: ಕೋವಿಮದ್ದಿನ ಸಂಗ್ರಹಣ ಶಾಸನಗಳನ್ನು ಕುರಿತು ಒಂದು ವಿಚಾರ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಫಿರಂಗಿಗಳನ್ನು ಎಣಿಸುತ್ತಾರೆ, ಕೋವಿಗಳನ್ನು ಎಣಿಸುತ್ತಾರೆ, ಕಾಲಾಳು ಕುದುರೆಗಳ ಲೆಕ್ಕವನ್ನು ಕೊಡುತ್ತಾರೆ. ಆದರೆ ಆ ಫಿರಂಗಿ ಕೋವಿಗಳಿಗೆ ಪ್ರಾಣಪ್ರಾಯವಾದ ಮದ್ದು ಯುದ್ಧವಿಲ್ಲದ ದಿನಗಳಲ್ಲಿ ಎಲ್ಲಿರುತ್ತಿತ್ತು, ಅದನ್ನು ಕಾಯುತ್ತಿದ್ದವರು ಯಾರು, ಸಾಮಾನ್ಯ ಗೃಹಸ್ಥನೊಬ್ಬನ ಮನೆಯಲ್ಲಿ ಅದು ಎಷ್ಟರ ಮಟ್ಟಿಗೆ ಇರಬಹುದಾಗಿತ್ತು ಎಂದು ಕೇಳುವವರು ವಿರಳ. ಸಿಡಿದ ಮದ್ದಿಗೆ ಚರಿತ್ರೆಯಲ್ಲಿ ಸ್ಥಾನವುಂಟು. ಸಿಡಿಯದೆ ಉಳಿದ ಮದ್ದಿಗೆ ಇಲ್ಲ. ಹೀಗೆ ಉಳಿಯುವಂತೆ ಮಾಡಿದ ನಿಯಮಗಳ ಚರಿತ್ರೆ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಅಡಗಿಕೊಂಡಿದೆ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ನಿಮಿತ್ತವುಂಟು. ವಿದ್ಯಾರ್ಥಿಗಳೊಡನೆ ನಾವು ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದರ ಮುಂದೆ ನಿಂತಿದ್ದಾಗ, ಒಬ್ಬ ವಿದ್ಯಾರ್ಥಿಯು, ‘ದೊರೆಯ ಮದ್ದಿಗೆ ಇಂಥ ಕಟ್ಟಡವಿತ್ತು ಸರಿ, ಪ್ರಜೆಯ ಮದ್ದು ಎಲ್ಲಿತ್ತು?’ ಎಂದು ಕೇಳಿದನು. ಆಗ ನಮಗೆ ತೃಪ್ತಿಕರವಾದ ಉತ್ತರವನ್ನು ಕೊಡಲಾಗಲಿಲ್ಲ. ಪ್ರಜೆಯ ಮದ್ದಿನ ಬಗೆಗೆ ಲಿಖಿತವಾದ ಆಧಾರಗಳು ಹೇರಳವಾಗಿ ದೊರೆಯುವುದು ಇಂಗ್ಲೆಂಡ್ ಮತ್ತು ಅಮೆರಿಕಗಳ ಶಾಸನಗಳಲ್ಲಿ. ಆದುದರಿಂದ ಈ ಲೇಖನದ ಬಹುಭಾಗ ಆ ದೇಶಗಳಿಗೇ ಮೀಸಲಾಗಿದೆ. ನಮ್ಮ ನಾಡಿನ ಸಂಗತಿಗಳನ್ನು ಕೊನೆಯಲ್ಲಿ ಪರಿಶೀಲಿಸಿದ್ದೇವೆ.

ಇಂಥ ಶಾಸನಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಮರೆಯಬಾರದು. ಸರ್ಕಾರವೊಂದು ಪ್ರಜೆಯ ಮನೆಯಲ್ಲಿರುವ ಮದ್ದಿಗೆ ಮಿತಿಯನ್ನು ಹಾಕುವುದು ಎರಡು ಬಗೆಯ ಭಯಗಳಿಂದ. ಒಂದು ಮದ್ದಿನ ಭಯ, ಅಂದರೆ ಬೆಂಕಿಯ ಭಯ. ಇನ್ನೊಂದು ಮದ್ದನ್ನು ಹಿಡಿದವನ ಭಯ, ಅಂದರೆ ಬಂಡಾಯದ ಭಯ. ಯಾವ ಶಾಸನ ಯಾವ ಭಯದಿಂದ ಹುಟ್ಟಿತೆಂಬುದನ್ನು ನಿರ್ಣಯಿಸಲು ನಮಗೆ ತೋರುವ ಪರೀಕ್ಷೆ ಸರಳವಾದುದು. ಶಾಸನವು ‘ಎಷ್ಟು, ಯಾವ ಪಾತ್ರೆಯಲ್ಲಿ, ಎಲ್ಲಿ’ ಎಂಬುದನ್ನು ಹೇಳಿದರೆ ಅದರ ಗಮನ ಬೆಂಕಿಯ ಕಡೆಗೆ. ‘ಯಾರು’ ಎಂಬುದನ್ನು ಹೇಳಿದರೆ ಅದರ ಗಮನ ಮನುಷ್ಯನ ಕಡೆಗೆ. ಈ ಪರೀಕ್ಷೆಯನ್ನು ಮುಂದಿನ ನಿದರ್ಶನಗಳಿಗೆ ಅನ್ವಯಿಸಿ ನೋಡೋಣ.

೧. ವಸ್ತುವಿನ ಸ್ವಭಾವ

ಕರಿಯ ಕೋವಿಮದ್ದು ಮೂರು ಪದಾರ್ಥಗಳ ಮಿಶ್ರಣ. ಪೆಟ್ಲುಪ್ಪು ಸುಮಾರು ೭೫ ಭಾಗ, ಇದ್ದಲು ೧೫ ಭಾಗ, ಗಂಧಕ ೧೦ ಭಾಗ ಎಂಬುದು ಕಾಲಕ್ರಮದಲ್ಲಿ ಸ್ಥಿರಗೊಂಡ ಪ್ರಮಾಣ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಒದಗಿಸುವುದರಿಂದ ಇದು ಹೊರಗಿನ ಗಾಳಿಯನ್ನು ಅಪೇಕ್ಷಿಸುವುದಿಲ್ಲ. ಮುಚ್ಚಿದ ಪಾತ್ರೆಯೊಳಗೂ ಉರಿಯಬಲ್ಲುದು. ಬಯಲಿನಲ್ಲಿ ಚೆಲ್ಲಿದ ಒಂದು ಹಿಡಿ ಮದ್ದು ‘ಭುಗ್’ ಎಂದು ಉರಿದು ಹೋಗುತ್ತದೆ. ಅದೇ ಮದ್ದನ್ನು ಗಟ್ಟಿಯಾದ ಪಾತ್ರೆಯಲ್ಲಿ ಬಿಗಿದಿಟ್ಟರೆ, ಹುಟ್ಟಿದ ಅನಿಲಗಳಿಗೆ ದಾರಿಯಿಲ್ಲದೆ ಪಾತ್ರೆಯೇ ಒಡೆದು ಚೂರುಚೂರಾಗುತ್ತದೆ. ಕೋವಿಯ ನಳಿಗೆಯಲ್ಲಿ ಉಪಕಾರಿಯಾದ ಈ ಗುಣ ಉಗ್ರಾಣದಲ್ಲಿ ಅಪಾಯಕಾರಿ.

ಹೀಗಾಗಿ ಮದ್ದನ್ನು ಕಾಯುವವನಿಗೆ ಶತ್ರುಗಳು ನಾಲ್ಕು. ಮೊದಲನೆಯದು ಕಿಡಿ: ಕಬ್ಬಿಣಕ್ಕೆ ಕಲ್ಲು ತಾಗಿದರೂ ಸಾಕು. ಆದುದರಿಂದಲೇ ಮದ್ದಿನ ಮನೆಗಳಲ್ಲಿ ಮರ, ತೊಗಲು, ತಾಮ್ರಗಳ ಬಳಕೆ ರೂಢವಾಯಿತು. ಪೀಪಾಯಿಗಳಿಗೆ ಕಬ್ಬಿಣದ ಪಟ್ಟಿಗೆ ಬದಲು ಮರದ ಬರಲಿನ ಅಥವಾ ತಾಮ್ರದ ಪಟ್ಟಿ ಬಂದಿತು. ಎರಡನೆಯದು ತೇವ: ತೇವವನ್ನು ಹೀರಿದ ಮದ್ದು ಗಡ್ಡೆಗಟ್ಟಿ ಶಕ್ತಿಗುಂದುತ್ತದೆ, ಪೀಪಾಯಿಗಳನ್ನು ಆಗಾಗ್ಗೆ ಉರುಳಿಸಿ ಇಡುತ್ತಿದ್ದುದು ಇದನ್ನು ತಪ್ಪಿಸಲು. ಮೂರನೆಯದು ಸೋರಿಕೆ: ನೆಲದ ಮೇಲೆ ಉದುರಿದ ಪುಡಿ ಬೆಂಕಿಗೆ ಹಾಸಿದ ದಾರಿಯಾಗುತ್ತದೆ. ನಾಲ್ಕನೆಯದು ರಾಶಿ: ಒಂದೆಡೆ ಕೂಡಿಟ್ಟ ಮದ್ದು ಹೆಚ್ಚಿದಷ್ಟೂ ಒಂದು ತಪ್ಪಿಗೆ ತೆರಬೇಕಾದ ಬೆಲೆ ಹೆಚ್ಚುತ್ತದೆ. ಮುಂದೆ ಬಂದ ಶಾಸನಗಳಲ್ಲಿ ಬೆಂಕಿಯ ಸಂಬಂಧವಾದ ವಿಧಿಗಳೆಲ್ಲ ಈ ನಾಲ್ಕರಲ್ಲಿ ಒಂದಕ್ಕೆ ಉತ್ತರವಾಗಿವೆ.

೨. ನಗರಗಳು ಕಲಿತ ಪಾಠ

೧೬೫೦ರ ಜನವರಿಯಲ್ಲಿ, ಲಂಡನ್ನಿನ ಗೋಪುರದುರ್ಗದ ಸಮೀಪದಲ್ಲಿ, ಹಡಗಿನ ಸಾಮಾನುಗಳನ್ನು ಮಾರುವ ವರ್ತಕನೊಬ್ಬನ ಅಂಗಡಿಯಲ್ಲಿದ್ದ ೨೭ ಪೀಪಾಯಿ ಮದ್ದು ಸಿಡಿಯಿತು. ನೆರೆಯ ಮನೆಗಳು ಹತ್ತಾರು ಸಂಖ್ಯೆಯಲ್ಲಿ ನೆಲಸಮವಾದುವು. ಇದು ಸೈನ್ಯದ ಮದ್ದಲ್ಲ. ವ್ಯಾಪಾರದ ಮದ್ದು, ಮನೆಯೂ ಅಂಗಡಿಯೂ ಒಂದೇ ಆಗಿದ್ದ ಬೀದಿಯಲ್ಲಿದ್ದ ಮದ್ದು.

ನಾಲ್ಕು ವರ್ಷಗಳ ತರುವಾಯ, ೧೬೫೪ರ ಅಕ್ಟೋಬರ್ ೧೨ರಂದು, ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. ಹಿಂದೆ ಸಂನ್ಯಾಸಿನಿಯರ ಮಠವಾಗಿದ್ದ ಕಟ್ಟಡವೊಂದರಲ್ಲಿ ಸುಮಾರು ೯೦,೦೦೦ ಪೌಂಡು ಮದ್ದನ್ನು ಕೂಡಿಡಲಾಗಿತ್ತು. ಮಾದರಿಯನ್ನು ಪರೀಕ್ಷಿಸಲು ಬಾಗಿಲನ್ನು ತೆರೆದ ಸ್ವಲ್ಪ ಹೊತ್ತಿನಲ್ಲಿಯೇ ಅದೆಲ್ಲವೂ ಸಿಡಿದು ನಗರದ ಒಂದು ಭಾಗ ನಾಶವಾಯಿತು. ರೆಂಬ್ರಾಂಟನ ಶಿಷ್ಯನಾಗಿದ್ದ ಕಾರೆಲ್ ಫೆಬ್ರೀಷಿಯಸ್ ಎಂಬ ಚಿತ್ರಕಾರನು ಅಂದು ಮಡಿದವರಲ್ಲೊಬ್ಬ. ಎಗ್ಬರ್ಟ್ ವಾನ್ ಡೆರ್ ಪೂಲ್ ಎಂಬ ಇನ್ನೊಬ್ಬ ಚಿತ್ರಕಾರನು ಆ ಹಾಳು ಬೀದಿಗಳನ್ನು ಮತ್ತೆಮತ್ತೆ ಚಿತ್ರಿಸಿದನು. ಆದರೆ ಚರಿತ್ರಕಾರನು ಗಮನಿಸಬೇಕಾದುದು ಮುಂದಿನ ಸಂಗತಿ. ೧೬೬೦ರಲ್ಲಿ ಹೊಸ ಮದ್ದಿನ ಮನೆಯನ್ನು ಕಟ್ಟಿದಾಗ ಅದನ್ನು ನಗರದ ಹೊರಗೆ, ಸುತ್ತಲೂ ನೀರಿರುವ ಸ್ಥಳದಲ್ಲಿ ಕಟ್ಟಿದರು. ಮದ್ದನ್ನು ಗಟ್ಟಿಯಾದ ಗೋಡೆಯೊಂದರಿಂದಲೇ ಕಾಯಲಾಗದು, ದೂರವೂ ಬೇಕು ಎಂಬ ಅರಿವು ಹೀಗೆ ಬಂದಿತು.

ಹದಿನೆಂಟನೆಯ ಶತಮಾನದಲ್ಲಿ ಆಕಾಶದ ಬೆಂಕಿಯೂ ಲೆಕ್ಕಕ್ಕೆ ಬಂದಿತು. ೧೭೬೯ರಲ್ಲಿ ಇಟಲಿಯ ಬ್ರೆಷ ನಗರದ ಮದ್ದಿನ ಸಂಗ್ರಹಕ್ಕೆ ಸಿಡಿಲು ಬಡಿದು ಬಹು ಜನ ಸತ್ತರು. ಥೇಮ್ಸ್ ನದಿಯ ತೀರದ ಪರ್‌ಫ್ಲೀಟಿನಲ್ಲಿ ಬ್ರಿಟಿಷ್ ಸರ್ಕಾರದ ದೊಡ್ಡ ಮದ್ದಿನ ಉಗ್ರಾಣಗಳಿದ್ದುವು. ಅವುಗಳ ರಕ್ಷಣೆಯ ಬಗೆಗೆ ೧೭೭೨ರಲ್ಲಿ ರಾಯಲ್ ಸೊಸೈಟಿಯ ಸಮಿತಿಯೊಂದು ವಿಚಾರಣೆ ನಡೆಸಿತು. ಬೆಂಜಮಿನ್ ಫ್ರಾಂಕ್ಲಿನ್, ಹೆನ್ರಿ ಕ್ಯಾವೆಂಡಿಷ್ ಮೊದಲಾದವರು ಅದರಲ್ಲಿದ್ದರು. ಚೂಪಾದ ತುದಿಯುಳ್ಳ ಸಿಡಿಲುಕಂಬಿಗಳನ್ನು ನಿಲ್ಲಿಸಬೇಕೆಂದು ಸಮಿತಿ ಸಲಹೆಮಾಡಿತು. ಬೆಂಜಮಿನ್ ವಿಲ್ಸನ್ ಎಂಬ ಸದಸ್ಯನೊಬ್ಬನು ಮಾತ್ರ ಮೊಂಡು ತುದಿಯೇ ಮೇಲೆಂದು ಭಿನ್ನಮತವನ್ನು ಸೂಚಿಸಿದನು. ಸಿಡಿಲುಕಂಬಿಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಈ ವಾದ ಮದ್ದಿನ ಮನೆಯ ಮಾಡಿನ ಮೇಲೆ ನಡೆಯಿತೆಂಬುದನ್ನು ಮರೆಯಬಾರದು.

ಅದೇ ೧೭೭೨ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನವನ್ನು ಅಂಗೀಕರಿಸಿತು. ಅದರಂತೆ ಮದ್ದಿನ ವ್ಯಾಪಾರಿಯು ಒಂದೆಡೆ ೨೦೦ ಪೌಂಡುಗಳನ್ನೂ ವ್ಯಾಪಾರಿಯಲ್ಲದವನು ೫೦ ಪೌಂಡುಗಳನ್ನೂ ಮೀರಿ ಇಟ್ಟುಕೊಳ್ಳಕೂಡದು. ಈ ಎರಡನೆಯ ಸಂಖ್ಯೆಯಲ್ಲಿ ‘ಗೃಹಸ್ಥನ ಮದ್ದು’ ಎಂಬ ವರ್ಗಕ್ಕೆ ಶಾಸನದ ಮನ್ನಣೆ ದೊರೆಯಿತು. ಅವನ ಬಳಿ ಮದ್ದು ಇರಬಹುದು. ಆದರೆ ನೆರೆಯವನಿಗೆ ಮೃತ್ಯುವಾಗುವಷ್ಟು ಇರಕೂಡದು.

೩. ಅಮೆರಿಕದ ಪಟ್ಟಣಗಳು

ಅಮೆರಿಕದ ವಸಾಹತುಗಳಲ್ಲಿ ಮದ್ದಿನ ಸಂಗ್ರಹಕ್ಕೆ ಬೇರೊಂದು ಮುಖವೂ ಇತ್ತು. ಪಟ್ಟಣದ ಮದ್ದು ಬಹುಮಟ್ಟಿಗೆ ಸಾರ್ವಜನಿಕವಾದ ಮದ್ದಿನ ಮನೆಯಲ್ಲಿರುತ್ತಿತ್ತು. ಬೆಂಕಿಯಿಂದ ರಕ್ಷಣೆಗೆ ಇದು ಉತ್ತಮವಾದ ಏರ್ಪಾಡು. ಆದರೆ ಎಲ್ಲರ ಮದ್ದು ಒಂದೇ ಕಡೆ ಇದ್ದುದರಿಂದ ಅದರ ಬೀಗದ ಕೈ ಯಾರಲ್ಲಿದೆಯೋ ಅವರ ಕೈಯಲ್ಲಿ ಪಟ್ಟಣದ ಬಲವೂ ಇದ್ದಂತಾಯಿತು. ೧೭೭೪ರ ಸೆಪ್ಟೆಂಬರ್ ೧ರಂದು ಜನರಲ್ ಗೇಜನ ಸೈನಿಕರು ಬಾಸ್ಟನ್ನಿನ ಬಳಿಯ ಮದ್ದಿನ ಮನೆಯೊಂದರಿಂದ, ಅದು ಹಿಂದೆ ಗಾಳಿಗಿರಣಿಯಾಗಿದ್ದ ಕಲ್ಲಿನ ಗೋಪುರ, ೨೫೦ ಅರೆಪೀಪಾಯಿ ಮದ್ದನ್ನು ಸಾಗಿಸಿದರು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿ ಸಾವಿರಾರು ಜನ ಶಸ್ತ್ರಪಾಣಿಗಳಾಗಿ ಹೊರಟರು. ಮರುವರ್ಷದ ಏಪ್ರಿಲಿನಲ್ಲಿ ವರ್ಜೀನಿಯದ ಗವರ್ನರ್ ಡನ್‌ಮೋರನು ವಿಲಿಯಮ್ಸ್‌ಬರ್ಗಿನ ಮದ್ದಿನ ಮನೆಯಿಂದ ರಾತ್ರೋರಾತ್ರಿ ೧೫ ಅರೆಪೀಪಾಯಿಗಳನ್ನು ತೆಗೆಸಿದಾಗಲೂ ಇದೇ ಕ್ಷೋಭೆ ಉಂಟಾಯಿತು. ಇಲ್ಲಿ ಯಾರೂ ಪಾತ್ರೆಯ ಮಾತನ್ನಾಗಲಿ ಅಂತಸ್ತಿನ ಮಾತನ್ನಾಗಲಿ ಎತ್ತಲಿಲ್ಲ. ಪ್ರಶ್ನೆ ಇದ್ದುದು ‘ಯಾರ ಕೈಯಲ್ಲಿ’ ಎಂಬುದರ ಮೇಲೆ. ಮೂಲನಿವಾಸಿಗಳಿಗೆ ಮದ್ದನ್ನು ಮಾರಬಾರದೆಂದು ವಸಾಹತುಗಳಲ್ಲಿ ಬಹು ಹಿಂದಿನಿಂದ ಬಂದ ನಿಷೇಧಗಳೂ ಇದೇ ಜಾತಿಗೆ ಸೇರಿದುವು.

ಸ್ವಾತಂತ್ರ್ಯವನ್ನು ಗಳಿಸಿದ ಮರುಗಳಿಗೆಯಲ್ಲಿಯೇ ಆ ಪಟ್ಟಣಗಳು ಮಾಡಿದ ಶಾಸನಗಳ ರೀತಿ ಬೇರೆ. ೧೭೮೪ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ಮಾಡಿದ ಶಾಸನ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಅದರಂತೆ ನ್ಯೂಯಾರ್ಕ್ ನಗರದ ಮನೆ ಮತ್ತು ಅಂಗಡಿಗಳಲ್ಲಿ ಒಂದೆಡೆ ೨೮ ಪೌಂಡಿಗಿಂತ ಹೆಚ್ಚು ಮದ್ದು ಇರಕೂಡದು. ಆ ೨೮ ಪೌಂಡನ್ನೂ ನಾಲ್ಕು ಬೇರೆ ಬೇರೆ ಕಲ್ಮಣ್ಣಿನ ಜಾಡಿಗಳಲ್ಲಿ ಅಥವಾ ತಗಡಿನ ಡಬ್ಬಿಗಳಲ್ಲಿ, ಒಂದೊಂದರಲ್ಲಿ ೭ ಪೌಂಡನ್ನು ಮೀರದಂತೆ, ಹಂಚಿಡಬೇಕು. ಮಿಕ್ಕುದೆಲ್ಲವೂ ಸಾರ್ವಜನಿಕ ಮದ್ದಿನ ಮನೆಗೆ ಹೋಗಬೇಕು. ನಾವು ಹಿಂದೆ ಹೇಳಿದ ನಾಲ್ಕು ಶತ್ರುಗಳಲ್ಲಿ ಕೊನೆಯದಾದ ರಾಶಿಗೆ ಇದಕ್ಕಿಂತ ಚೊಕ್ಕವಾದ ಉತ್ತರ ಮತ್ತೊಂದಿಲ್ಲ.

ಇದು ಪ್ರಜೆಯನ್ನು ನಿಶ್ಶಸ್ತ್ರನನ್ನಾಗಿ ಮಾಡುವ ಉಪಾಯವಾಗಿತ್ತೆ? ಸ್ವಲ್ಪ ಲೆಕ್ಕವನ್ನು ಹಾಕಿ ನೋಡಬಹುದು. ಅಂದಿನ ಮಸ್ಕೆಟ್ ಕೋವಿಯ ಒಂದು ತೋಟಾಕ್ಕೆ ಸುಮಾರು ೧೬೫ ಗ್ರೇನ್ ಮದ್ದು ಬೇಕೆಂದು ಇಟ್ಟುಕೊಳ್ಳೋಣ. ಪೌಂಡಿಗೆ ೭,೦೦೦ ಗ್ರೇನ್. ೨೮ ಪೌಂಡಿನಿಂದ ೧,೧೦೦ಕ್ಕೂ ಮಿಕ್ಕು ಹೊಡೆತಗಳಾಗುತ್ತವೆ. ೧೭೯೨ರ ಫೆಡರಲ್ ಮಿಲಿಷಿಯ ಶಾಸನವು ಮಸ್ಕೆಟ್ ಉಳ್ಳವನು ೨೪ ತೋಟಾಗಳನ್ನು ಹಿಡಿಯುವ ಚೀಲವನ್ನೂ, ರೈಫಲ್ ಉಳ್ಳವನು ೨೦ ಗುಂಡುಗಳನ್ನೂ ಕಾಲು ಪೌಂಡು ಮದ್ದನ್ನೂ ಇಟ್ಟುಕೊಂಡಿರಬೇಕೆಂದು ವಿಧಿಸಿತು. ಕಾಲು ಪೌಂಡಿಗೆ ೨೮ ಪೌಂಡು ೧೧೨ ಪಟ್ಟು. ಅಂದರೆ, ನಾಡಿನ ರಕ್ಷಣೆಗೆ ಹೊರಡುವವನಿಂದ ಸರ್ಕಾರವು ಅಪೇಕ್ಷಿಸಿದುದಕ್ಕಿಂತ ನೂರು ಪಟ್ಟು ಹೆಚ್ಚು ಮದ್ದನ್ನು ನ್ಯೂಯಾರ್ಕಿನ ಗೃಹಸ್ಥನು ನಿರಾತಂಕವಾಗಿ ಮನೆಯಲ್ಲಿಡಬಹುದಾಗಿತ್ತು. ಬಂಡಾಯದ ಭಯದಿಂದ ಹುಟ್ಟಿದ ಶಾಸನ ಇಷ್ಟು ಉದಾರವಾಗಿರಲಾರದು. ಇದರ ಗಮನವೆಲ್ಲ ಬೆಂಕಿಯ ಕಡೆಗೇ ಇತ್ತೆಂದು ನಾವು ನಿಸ್ಸಂದೇಹವಾಗಿ ಹೇಳಬಹುದು.

೧೭೮೩ರ ಬಾಸ್ಟನ್ ಶಾಸನ ಇಷ್ಟು ಸರಳವಲ್ಲ. ಅದು ಮದ್ದು ತುಂಬಿದ ಕೋವಿಯನ್ನು ಮನೆ, ಕೊಟ್ಟಿಗೆ, ಅಂಗಡಿಗಳೊಳಕ್ಕೆ ತರುವುದನ್ನೇ ನಿಷೇಧಿಸಿತು. ಕಾರಣವನ್ನು ಶಾಸನದ ಪೀಠಿಕೆಯೇ ಹೇಳುತ್ತದೆ: ಪಟ್ಟಣದಲ್ಲಿ ಬೆಂಕಿ ಬಿದ್ದಾಗ ಅದನ್ನು ಆರಿಸಲು ಮುಂದಾಗುವವರ ಪ್ರಾಣಕ್ಕೆ ಇಂಥ ಕೋವಿಗಳು ಅಪಾಯಕಾರಿ. ಉರಿಯುವ ಮನೆಯಲ್ಲಿ ಮದ್ದು ತುಂಬಿದ ಕೋವಿ ತಾನಾಗಿಯೇ ಹಾರಬಹುದೆಂಬುದು ಆ ಜನರಿಗೆ ಕೇವಲ ಊಹೆಯಾಗಿರಲಿಲ್ಲ. ಮರದ ಮನೆಗಳ ಬಾಸ್ಟನ್ ಪದೇಪದೇ ಬೆಂಕಿಗೆ ತುತ್ತಾದ ಪಟ್ಟಣ.

ಈ ಹಳೆಯ ಶಾಸನಗಳು ಕೇವಲ ಪುರಾತತ್ತ್ವದ ವಿಷಯವೆಂದು ಭಾವಿಸುವವರು ೨೦೦೮ರ ಜೂನ್ ೨೬ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹೆಲ್ಲರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ಪ್ರಜೆಯು ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲನ್ನಿಟ್ಟುಕೊಳ್ಳುವ ಹಕ್ಕನ್ನು ಕುರಿತ ಆ ತೀರ್ಪು ಐದಕ್ಕೆ ನಾಲ್ಕರ ಬಹುಮತದಿಂದ ಬಂದಿತು. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಬ್ರಯರ್ ಅವರು ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಗಳ ಮದ್ದಿನ ಶಾಸನಗಳನ್ನು ಉದಾಹರಿಸಿ, ಸಂವಿಧಾನದ ಕಾಲದಲ್ಲಿಯೇ ಮನೆಯೊಳಗಣ ಶಸ್ತ್ರದ ಮೇಲೆ ಸಾರ್ವಜನಿಕ ಹಿತಕ್ಕಾಗಿ ನಿರ್ಬಂಧಗಳಿದ್ದುವೆಂದು ವಾದಿಸಿದರು. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಸ್ಕಾಲಿಯ ಅವರು, ಆ ಶಾಸನಗಳ ಉದ್ದೇಶ ಬೆಂಕಿಯಿಂದ ರಕ್ಷಣೆಯೇ ಹೊರತು ಬೇರಲ್ಲವೆಂದೂ, ಮಿಗಿಲಾದ ಮದ್ದನ್ನು ವಿಶೇಷ ಪಾತ್ರೆಯಲ್ಲೋ ಮನೆಯ ಮೇಲಂತಸ್ತಿನಲ್ಲೋ ಇಡಬೇಕೆಂದಷ್ಟೇ ಅವು ವಿಧಿಸಿದುವೆಂದೂ ಉತ್ತರಕೊಟ್ಟರು. ೧೭೮೪ರ ಜಾಡಿಗಳು ೨೦೦೮ರಲ್ಲಿ ಸಾಕ್ಷಿಗೆ ನಿಂತುವು!

ನ್ಯಾಯನಿರ್ಣಯ ನಮ್ಮ ಕಾರ್ಯವಲ್ಲ. ಚರಿತ್ರೆಯ ದೃಷ್ಟಿಯಿಂದ ಮಾತ್ರ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು, ಇಬ್ಬರ ಮಾತಿನಲ್ಲಿಯೂ ಕೊರತೆಯುಂಟು ಎಂದು ನಮಗೆ ತೋರುತ್ತದೆ. ಆ ಶಾಸನಗಳ ಉದ್ದೇಶ ಬೆಂಕಿಯಿಂದ ರಕ್ಷಣೆಯೆಂಬುದು ದಿಟ. ಆದರೆ ಬೆಂಕಿಯ ಹೆಸರಿನಲ್ಲಿ ಸಮಾಜವು ಪ್ರಜೆಯ ಹೊಸಿಲನ್ನು ದಾಟಿ ಒಳಗೆ ಹೋಗಿ ಜಾಡಿಗಳನ್ನು ಎಣಿಸಿತೆಂಬುದೂ, ಅಂದಿನ ಜನ ಅದನ್ನು ಅನ್ಯಾಯವೆಂದು ಬಗೆಯಲಿಲ್ಲವೆಂಬುದೂ ಅಷ್ಟೇ ದಿಟ. ಹಳೆಯ ಶಾಸನವೊಂದನ್ನು ಅದು ಹುಟ್ಟಿದ ಭಯದಿಂದ ಬೇರ್ಪಡಿಸಿ ಓದಿದರೆ, ಅದು ಯಾವ ಪಕ್ಷಕ್ಕೆ ಬೇಕಾದರೂ ಸಾಕ್ಷಿ ಹೇಳೀತು.

೪. ೧೮೭೫ರ ಶಾಸನ

೧೮೭೪ರ ಅಕ್ಟೋಬರ್ ೨ರ ಬೆಳಗಿನ ಜಾವ, ಸುಮಾರು ಐದು ಗಂಟೆಯ ಹೊತ್ತಿಗೆ, ಲಂಡನ್ನಿನ ರೀಜೆಂಟ್ಸ್ ಕಾಲುವೆಯಲ್ಲಿ ಸಾಗುತ್ತಿದ್ದ ‘ಟಿಲ್ಬರಿ’ ಎಂಬ ದೋಣಿ ಸೇತುವೆಯೊಂದರ ಕೆಳಗೆ ಸಿಡಿಯಿತು. ಅದರಲ್ಲಿ ಸುಮಾರು ಐದು ಟನ್ ಮದ್ದಿನೊಡನೆ ಪೆಟ್ರೋಲಿಯಮ್ಮಿನ ಪೀಪಾಯಿಗಳೂ ಇದ್ದುವು. ಎಣ್ಣೆಯ ಆವಿ ದೋಣಿಯವರ ಕೋಣೆಯ ಬೆಂಕಿಗೆ ತಾಗಿ, ಅದು ಮದ್ದನ್ನು ಮುಟ್ಟಿತು. ದೋಣಿಯ ಮೂವರು ಸತ್ತರು, ಸೇತುವೆ ನಾಶವಾಯಿತು. ಇದರ ವಿಚಾರಣೆಯಲ್ಲಿ ಪ್ರಮುಖನಾಗಿದ್ದವನು ಮದ್ದಿನ ಕಾರ್ಖಾನೆಗಳ ತನಿಖೆಗೆ ನೇಮಕಗೊಂಡಿದ್ದ ಮೇಜರ್ ವಿವಿಯನ್ ಮೆಜೆಂಡಿ. ಮರುವರ್ಷವೇ ಸ್ಫೋಟಕಗಳ ಶಾಸನ ಅಂಗೀಕೃತವಾಯಿತು.

೧೮೭೫ರ ಈ ಶಾಸನದಲ್ಲಿ ಮನೆಯ ಮದ್ದಿಗೆ ಸಂಬಂಧಿಸಿದ ವಿಧಿಗಳು ಅನುಭವದ ಸಾರದಂತಿವೆ. ಮಾರಾಟಕ್ಕಲ್ಲದೆ ಸ್ವಂತ ಉಪಯೋಗಕ್ಕೆ ಇಟ್ಟುಕೊಳ್ಳುವವನಿಗೆ ೩೦ ಪೌಂಡಿನ ಮಿತಿ. ನೋಂದಾಯಿತ ಅಂಗಡಿಯಲ್ಲಿ, ವಾಸದ ಮನೆಯೊಳಗಾದರೆ ಕಡಮೆ, ಮನೆಯಿಂದ ಬೇರೆಯಾದ ಗಟ್ಟಿ ಕಟ್ಟಡದಲ್ಲಾದರೆ ಹೆಚ್ಚು. ಒಂದು ಪೌಂಡಿಗೆ ಮೀರಿದ ಮದ್ದು, ಪುಡಿ ಹೊರಕ್ಕೆ ಉದುರದಂತೆ ಮುಚ್ಚಿದ ಭದ್ರವಾದ ಪಾತ್ರೆಯಲ್ಲಿರಬೇಕು. ಈ ಕೊನೆಯ ವಿಧಿ ಚಿಕ್ಕದಾಗಿ ಕಂಡರೂ ಅದರ ಹಿಂದೆ ಒಂದು ಕೋಟೆಯ ಪತನವೇ ಇದೆಯೆನ್ನಬಹುದು. ೧೮೧೦ರ ಆಗಸ್ಟ್ ೨೬ರಂದು ಪೋರ್ಚುಗಲ್ಲಿನ ಆಲ್ಮೆಯ್ಡ ಕೋಟೆಯ ಮದ್ದಿನ ಸಂಗ್ರಹ ಫ್ರೆಂಚರ ಮುತ್ತಿಗೆಯಲ್ಲಿ ಸಿಡಿದು ಕೋಟೆಯು ಶತ್ರುವಶವಾಯಿತು. ಸೋರುತ್ತಿದ್ದ ಪೀಪಾಯಿಯೊಂದು ನೆಲದುದ್ದಕ್ಕೂ ಎಳೆದ ಪುಡಿಯ ಗೆರೆಗೆ ಕಿಡಿ ತಾಗಿದುದೇ ಕಾರಣವೆಂದು ಹೇಳುತ್ತಾರೆ.

೫. ಮನೆಯಲ್ಲಿ ತೋಟಾ ತುಂಬುವವರು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿತ್ತಾಳೆಯ ತೋಟಾ ಬಳಕೆಗೆ ಬಂದಾಗ ಮದ್ದು ಮನೆಯಿಂದ ಮರೆಯಾಗಬೇಕಾಗಿತ್ತು. ಏಕೆಂದರೆ ತುಂಬಿದ ತೋಟಾ ಅಂಗಡಿಯಲ್ಲಿಯೇ ದೊರೆಯುತ್ತಿತ್ತು. ಹಾಗಾಗಲಿಲ್ಲ. ಹಿತ್ತಾಳೆಯ ಕೊಳವೆ ತೋಟಾದಲ್ಲಿ ದುಬಾರಿಯಾದ ಭಾಗ; ಒಮ್ಮೆ ಹೊಡೆದ ಮೇಲೂ ಅದು ಉಳಿಯುತ್ತದೆ. ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ೧೮೭೦ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಕಾಡೆಮ್ಮೆಯ ಬೇಟೆಗಾರರು ಬೀಡಿನಲ್ಲಿಯೇ ತೋಟಾಗಳನ್ನು ಮರಳಿ ತುಂಬುತ್ತಿದ್ದರು. ಇದಕ್ಕೆ ಬೇಕಾದ ಕೈಯುಪಕರಣಗಳನ್ನು ಕೋವಿಯ ಕಂಪೆನಿಗಳೇ ಮಾರಿದುವು. ಈ ರೂಢಿ ಅಮೆರಿಕದ ಮನೆಗಳಲ್ಲಿ ಇಂದಿನವರೆಗೂ ಉಳಿದು ಬಂದಿದೆ.

ಅಷ್ಟರಲ್ಲಿ ಮದ್ದೇ ಬದಲಾಯಿತು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬ ವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಇದು ಮೂರು ಪದಾರ್ಥಗಳ ಮಿಶ್ರಣವಲ್ಲ. ನೈಟ್ರೊಸೆಲ್ಯುಲೋಸ್ ಎಂಬ ರಾಸಾಯನಿಕ ದ್ರವ್ಯದಿಂದಾದುದು. ಕರಿಯ ಮದ್ದಿನಷ್ಟು ಸುಲಭವಾಗಿ ಕಿಡಿಗೆ ಸಿಕ್ಕುವುದಿಲ್ಲ. ಆದರೆ ಇದರಲ್ಲಿ ಹಿಂದಿಲ್ಲದ ಐದನೆಯ ಶತ್ರುವೊಂದು ಅಡಗಿತ್ತು, ಅದು ಕಾಲ. ಕರಿಯ ಮದ್ದನ್ನು ಒಣಗಿದ ಸ್ಥಳದಲ್ಲಿಟ್ಟರೆ ತಲೆಮಾರುಗಳವರೆಗೆ ಕೆಡದು. ಹೊಸ ಮದ್ದಾದರೋ ನಿಧಾನವಾಗಿ ತನ್ನೊಳಗೇ ವಿಘಟಿತವಾಗಿ ಆಮ್ಲಕಾರಕ ಅನಿಲಗಳನ್ನು ಬಿಡುತ್ತದೆ; ಸೆಕೆಯಲ್ಲಿ ಇದು ತ್ವರಿತಗೊಂಡು, ಹೊರಗಿನ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಟೂಲಾನ್ ಬಂದರಿನಲ್ಲಿ ೧೯೦೭ರ ಮಾರ್ಚ್ ೧೨ರಂದು ‘ಯೇನ’ ಎಂಬ ಯುದ್ಧನೌಕೆಯೂ ೧೯೧೧ರ ಸೆಪ್ಟೆಂಬರ್ ೨೫ರಂದು ‘ಲಿಬೆರ್ತೆ’ ಎಂಬ ಯುದ್ಧನೌಕೆಯೂ ಸಿಡಿದುವು. ಎರಡಕ್ಕೂ ಇಂಥ ಮದ್ದಿನ ಕೆಡುಕೇ ಕಾರಣವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ಬಳಿಕ ವಿಘಟನೆಯನ್ನು ತಡೆಯುವ ಡೈಫಿನೈಲಮೀನ್ ಮುಂತಾದ ದ್ರವ್ಯಗಳನ್ನು ಬೆರೆಸುವುದು ಸಾರ್ವತ್ರಿಕವಾಯಿತು. ತಂಪಾದ ಒಣ ಸ್ಥಳ, ಮೊದಲು ಬಂದ ಡಬ್ಬಿಯನ್ನೇ ಮೊದಲು ಬಳಸುವುದು, ಹುಳಿ ನಾತವೋ ಕೆಂಪು ಹೊಗೆಯೋ ಕಂಡುಬಂದ ಮದ್ದನ್ನು ಇಟ್ಟುಕೊಳ್ಳದಿರುವುದು ಎಂಬ ಇಂದಿನ ಎಚ್ಚರಿಕೆಗಳ ಮೂಲ ಇಲ್ಲಿದೆ.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ರೂಪಿಸಿರುವ ೪೯೫ನೆಯ ಸಂಹಿತೆ ಮನೆಯಲ್ಲಿ ತೋಟಾ ತುಂಬುವವರಿಗೆ ಹೇಳುವ ಮಾತು ಹೀಗಿದೆ. ಹೊಗೆಯಿಲ್ಲದ ಮದ್ದು ೨೦ ಪೌಂಡಿನವರೆಗೆ ತಯಾರಕನ ಮೂಲ ಡಬ್ಬಿಯಲ್ಲಿಯೇ ಮನೆಯಲ್ಲಿರಬಹುದು. ಅದಕ್ಕೆ ಮೀರಿ ೫೦ ಪೌಂಡಿನವರೆಗೆ ಆದರೆ, ಕನಿಷ್ಠ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆಯಲ್ಲಿಡಬೇಕು. ಕರಿಯ ಮದ್ದಿಗೆ ೨೦ ಪೌಂಡೇ ಮಿತಿ, ಅದಕ್ಕೂ ಮರದ ಪೆಟ್ಟಿಗೆ ಬೇಕು. ಮೂಲ ಡಬ್ಬಿಯೇ ಏಕೆಂದರೆ, ಹೆಸರಿಲ್ಲದ ಡಬ್ಬಿಗೆ ಸೇರಿದ ಮದ್ದು ಯಾವುದೆಂದು ಕಣ್ಣಿನಿಂದ ತಿಳಿಯದು; ಒಂದರ ಬದಲು ಇನ್ನೊಂದನ್ನು ತುಂಬಿದರೆ ಕೋವಿಯೇ ಒಡೆಯಬಹುದು.

ಉಕ್ಕಿನ ತಿಜೋರಿ ಇರುವಾಗ ಮರವೇಕೆ ಎಂದು ವಾಚಕರು ಕೇಳಬಹುದು. ಉತ್ತರ ವಸ್ತುವಿನ ಸ್ವಭಾವದಲ್ಲಿಯೇ ಇದೆ. ಮನೆಗೆ ಬೆಂಕಿ ಬಿದ್ದರೆ ಮರವು ಶಾಖವನ್ನು ಕೆಲಕಾಲ ತಡೆಯುತ್ತದೆ. ಕಡೆಗೆ ಮದ್ದು ಹೊತ್ತಿಕೊಂಡರೂ ಅನಿಲಕ್ಕೆ ದಾರಿ ಬಿಟ್ಟುಕೊಡುತ್ತದೆ, ಮದ್ದು ಉರಿದುಹೋಗುತ್ತದೆ. ಬಿಗಿಯಾಗಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯಾದರೆ ಆ ಅನಿಲವನ್ನು ಹಿಡಿದಿಟ್ಟು ಬಾಂಬಾಗಿ ಪರಿಣಮಿಸುತ್ತದೆ. ಉರಿಯುವ ಮನೆಗೆ ನುಗ್ಗುವವನ ಪ್ರಾಣವನ್ನು ನೆನೆದ ೧೭೮೩ರ ಬಾಸ್ಟನ್ನಿನ ಕಾಳಜಿಯೂ, ೨೮ನ್ನು ನಾಲ್ಕು ಏಳಾಗಿ ಒಡೆದ ೧೭೮೪ರ ನ್ಯೂಯಾರ್ಕಿನ ಜಾಣ್ಮೆಯೂ ಈ ಮರದ ಪೆಟ್ಟಿಗೆಯಲ್ಲಿ ಕೂಡಿಕೊಂಡಿವೆ.

೬. ನಮ್ಮ ನಾಡು

ಇನ್ನು ನಮ್ಮ ನಾಡಿನ ಸಂಗತಿ. ೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಕರ್ನಲ್ ಬೇಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದು ಹೈದರ್ ಮತ್ತು ಟಿಪ್ಪುವಿನ ಜಯಕ್ಕೆ ನೆರವಾದುವು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಚಿತ್ರದಲ್ಲಿ ಆ ಸಿಡಿತವನ್ನು ಇಂದಿಗೂ ನೋಡಬಹುದು. ಹತ್ತೊಂಬತ್ತು ವರ್ಷಗಳ ತರುವಾಯ, ೧೭೯೯ರ ಮೇ ೨ರಂದು, ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಣಗಳ ಉಗ್ರಾಣವೊಂದು ಶತ್ರುವಿನ ಗುಂಡಿಗೆ ಸಿಡಿಯಿತು. ಎರಡು ದಿನಗಳಲ್ಲಿ ಕೋಟೆ ಬಿದ್ದಿತು. ಒಂದೆಡೆ ಕೂಡಿಟ್ಟ ಮದ್ದು ಮಿತ್ರನೂ ಹೌದು, ಶತ್ರುವೂ ಹೌದು.

ಆದರೂ ಅಲ್ಲಿ ಸಂಗ್ರಹಣದ ಅರಿವು ಇರಲಿಲ್ಲವೆನ್ನಲಾಗದು. ಅಲ್ಲಿ ಉಳಿದಿರುವ ಮದ್ದಿನ ಮನೆಗಳು ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿಗೆ ಗಾರೆಗಳಿಂದ ಕಟ್ಟಿದುವು. ಒಂದೇ ಉಗ್ರಾಣವಲ್ಲ, ಬೇರೆ ಬೇರೆ ಕಡೆಗಳಲ್ಲಿ ಹಲವು. ತಂಪು, ಮರೆ, ವಿಭಜನೆ ಮೂರೂ ಅಲ್ಲಿ ಕಾಣುತ್ತವೆ. ಇವುಗಳಲ್ಲೊಂದು ರೈಲುದಾರಿಯ ಜೋಡಿಮಾರ್ಗಕ್ಕೆ ಅಡ್ಡವಾದಾಗ, ೨೦೧೭ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಮರುವರ್ಷ, ೨೦೧೮ರಲ್ಲಿ, ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರ ಹೂಳನ್ನು ತೆಗೆಯುವಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಬಾಣಗಳು ದೊರೆತುವು. ಅಗೆಯುವಾಗ ಮಣ್ಣಿನಲ್ಲಿ ಮದ್ದಿನ ವಾಸನೆ ಬಂದಿತೆಂದು ವರದಿಯಾಯಿತು.

ಪ್ರಜೆಯ ಮದ್ದಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರ ದೊರೆಯುವುದು ಕೊಡಗಿನಲ್ಲಿ. ೧೮೫೭ರ ಬಂಡಾಯದ ಬಳಿಕ ಸರ್ಕಾರವು ಪ್ರಜೆಗಳಿಂದ ಆಯುಧಗಳನ್ನು ಕಿತ್ತುಕೊಂಡಾಗ, ೧೮೬೧ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ವಿನಾಯಿತಿಯನ್ನು ಘೋಷಿಸಿದನು. ಕೈಲ್ ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಆ ನಾಡಿನಲ್ಲಿ ಕೋವಿ ಮನೆತನದ ಆಸ್ತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಭಾರತ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಇಲ್ಲಿ ಶಾಸನದ ಪ್ರಶ್ನೆ ‘ಎಷ್ಟು’ 
ಎಂಬುದಲ್ಲ, ‘ಯಾರು’ ಎಂಬುದು. ನಮ್ಮ ಪರೀಕ್ಷೆಗೆ ಬ್ರಿಟಿಷ್ ಭಾರತದ ಎರಡು ಶಾಸನಗಳೇ ಒಳ್ಳೆಯ ನಿದರ್ಶನ. ಲಿಟ್ಟನ್ನನ ಕಾಲದ ೧೮೭೮ರ ಆಯುಧಗಳ ಶಾಸನ ಮನುಷ್ಯನನ್ನು ನೋಡಿ ಮಾಡಿದುದು. ೧೮೭೫ರ ಇಂಗ್ಲಿಷ್ ಶಾಸನದ ಜಾಡಿನಲ್ಲಿ ಬಂದ ೧೮೮೪ರ ಸ್ಫೋಟಕಗಳ ಶಾಸನ ವಸ್ತುವನ್ನು ನೋಡಿ ಮಾಡಿದುದು. ಇಂಗ್ಲೆಂಡಿನ ಗೃಹಸ್ಥನಿಗೆ ಅಂದು ಬೆಂಕಿಯ ಭಯವೊಂದೇ ಅನ್ವಯಿಸಿತು. ಭಾರತದ ಗೃಹಸ್ಥನಿಗೆ ಎರಡೂ ಅನ್ವಯಿಸಿದುವು. ಪರಾಧೀನತೆ ಎಂದರೇನೆಂಬುದನ್ನು ಈ ವ್ಯತ್ಯಾಸವೊಂದೇ ತೋರಿಸಿಕೊಡುತ್ತದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಮನೆಯ ಮದ್ದನ್ನು ಕುರಿತ ನಿಯಮಗಳನ್ನು ಯಾವ ಪಂಡಿತನೂ ಕುಳಿತು ಕಲ್ಪಿಸಲಿಲ್ಲ. ಸ್ವಲ್ಪ ಇಡು, ಒಡೆದು ಇಡು, ಒಣಗಿಸಿ ಇಡು, ಉದುರದಂತೆ ಇಡು, ಬಿಗಿಯದೆ ಇಡು ಎಂಬ ಒಂದೊಂದು ವಿಧಿಯ ಹಿಂದೆಯೂ ಒಂದು ಬೀದಿಯೋ ಕೋಟೆಯೋ ಹಡಗೋ ಹಾಳಾದ ಅನುಭವವಿದೆ. ಎರಡನೆಯದಾಗಿ, ಬೆಂಕಿಯ ಭಯದಿಂದ ಹುಟ್ಟಿದ ಶಾಸನವನ್ನೂ ಬಂಡಾಯದ ಭಯದಿಂದ ಹುಟ್ಟಿದ ಶಾಸನವನ್ನೂ ಒಂದೇ ಕಣ್ಣಿನಿಂದ ಓದುವುದು ಚರಿತ್ರಕಾರನಿಗೆ ತರವಲ್ಲ.

ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಹಾಳುಬಿದ್ದಿರುವ ಕೋಟೆಗಳಲ್ಲಿ, ಕಿಟಕಿಯಿಲ್ಲದ ದಪ್ಪಗೋಡೆಯ ಕಿರುಕೋಣೆಗಳನ್ನು ಊರವರು ಸೆರೆಮನೆಯೆಂದೋ ಖಜಾನೆಯೆಂದೋ ತೋರಿಸುವುದುಂಟು. ಅವುಗಳಲ್ಲಿ ಕೆಲವಾದರೂ ಮದ್ದಿನ ಮನೆಗಳಾಗಿದ್ದಿರಬಹುದು. ಅವುಗಳ ಸ್ಥಾನ, ನೆಲದ ಆಳ, ಗಾಳಿಯ ಕಿಂಡಿ, ಮನೆಗಳಿಂದ ದೂರ ಇವನ್ನು ಅಳೆದು ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಅಂದು ಶ್ರೀರಂಗಪಟ್ಟಣದಲ್ಲಿ ಕೇಳಿಬಂದ ಪ್ರಶ್ನೆಗೆ ನಮ್ಮ ನೆಲದಿಂದಲೇ ಉತ್ತರ ದೊರೆಯಬಹುದೆಂದು ನಾವು ನಂಬಿದ್ದೇವೆ.